ಗಲ್ಫಿಗೆ ಕರೆ ಹೋಗುತ್ತಿಲ್ಲವೇ? ಕಿವಿಗೆ ಬಿದ್ದದ್ದರಿಂದ ದೋಷ ಹಿಡಿಯುವ ಬಗೆ

ವಿದೇಶದ ಮೊಬೈಲಿಗೆ ಕರೆ ಹೋಗದಿದ್ದಾಗ ಕೇರಳದ ಕಾಸರಗೋಡಿನ ನಮ್ಮ ಕಡೆ ಮಾಡುವ ಮೊದಲ ಚಿಕಿತ್ಸೆ ಅದೇ ನಂಬರನ್ನು ಮತ್ತೆ ಒತ್ತುವುದು. ಎರಡನೆಯದು ಫೋನನ್ನು ಆಫ್ ಮಾಡಿ ಆನ್ ಮಾಡುವುದು. ಮೂರನೆಯದು ಪೇಟೆಗೆ ಹೋಗಿ ರೀಚಾರ್ಜ್ ಮಾಡಿಸುವುದು. ಈ ಮೂರರಿಂದ ಸರಿಯಾಗುವ ದೋಷಗಳು ಬಹಳ ಕಡಿಮೆ. ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಗಲ್ಫಿನಲ್ಲಿ ಯಾರೂ ಇಲ್ಲದ ಮನೆಗಳನ್ನು ಎಣಿಸುವುದೇ ಸುಲಭ. ಆದರೂ ದುಬೈಯ ನಂಬರನ್ನು ಸರಿಯಾಗಿ ಒತ್ತುವುದು ಹೇಗೆಂದು ಮನೆಯಲ್ಲಿರುವ ಹಿರಿಯರಿಗೆ ಯಾರೂ ಕುಳಿತು ಹೇಳಿಕೊಟ್ಟಿರುವುದಿಲ್ಲ. ಮಗ ಊರಿಗೆ ಬಂದಾಗ ನಂಬರ್ ಸೇವ್ ಮಾಡಿ ಹೋಗುತ್ತಾನೆ, ಅವನು ಸಿಮ್ ಬದಲಾಯಿಸಿದ ದಿನ ಎಲ್ಲವೂ ನಿಲ್ಲುತ್ತದೆ.

ಕರೆ ಎಲ್ಲಿ ನಿಂತಿತು ಎಂಬುದನ್ನು ಫೋನೇ ಹೇಳುತ್ತದೆ. ಹಾಗಾಗಿ ಕೆಳಗಿನದನ್ನೆಲ್ಲ ನೀವು ಕಾಣುವ, ಕೇಳುವ ಲಕ್ಷಣಗಳ ಲೆಕ್ಕದಲ್ಲಿ ಬರೆದಿದ್ದೇನೆ. ದುಡ್ಡು ಖರ್ಚಾಗದ ಪರೀಕ್ಷೆಗಳು ಮೊದಲು, ಅಲೆದಾಟ ಬೇಕಾಗುವವು ಆಮೇಲೆ.

## ಮರಳಿ ಒತ್ತುವ ಮೊದಲು: ಧ್ವನಿ ಯಾವ ಭಾಷೆಯದು?

ನಿಮ್ಮ ಕರೆ ಮೊದಲು ನಿಮ್ಮ ಸಿಮ್ ಕಂಪನಿಯ ಜಾಲಕ್ಕೆ ಹೋಗುತ್ತದೆ. ಅಲ್ಲಿಂದ ದೇಶದ ಹೊರಗೆ ದಾಟಿಸುವ ಅಂತರರಾಷ್ಟ್ರೀಯ ಕೇಂದ್ರಕ್ಕೆ, ಕೊನೆಗೆ ಆ ದೇಶದ ಕಂಪನಿಯ ಜಾಲಕ್ಕೆ. ಕಿವಿಯಲ್ಲಿ ಕೇಳುವ ದಾಖಲಿತ ಮಾತು ಯಾವ ಭಾಷೆಯಲ್ಲಿದೆ ಎನ್ನುವುದರ ಮೇಲೆ ಕರೆ ಎಲ್ಲಿಯವರೆಗೆ ತಲುಪಿತ್ತು ಎಂದು ಹೆಚ್ಚುಕಡಿಮೆ ಊಹಿಸಬಹುದು. ಕೇರಳದ ಸಿಮ್ ಆದರೆ ಮಲಯಾಳದಲ್ಲಿ, ಮಂಗಳೂರಿನಲ್ಲಿ ತೆಗೆದ ಸಿಮ್ ಆದರೆ ಕನ್ನಡದಲ್ಲಿ, ಇಲ್ಲವೇ ಹಿಂದಿಯಲ್ಲಿ ಮಾತು ಬಂದರೆ ಕರೆ ಬಹುಪಾಲು ಭಾರತ ಬಿಟ್ಟಿಲ್ಲ. ಅರಬ್ಬಿಯಲ್ಲಿ ಬಂದರೆ ಅದು ಗಡಿ ದಾಟಿ ಅಲ್ಲಿಯ ಜಾಲವನ್ನು ಮುಟ್ಟಿದೆ. ನಿಮ್ಮ ಸಿಮ್, ನಿಮ್ಮ ಹಣ ಎರಡೂ ಸರಿ ಇವೆ ಎಂದರ್ಥ.

ಮಲಯಾಳ ಓದಲು ಬಾರದ ನಮ್ಮವರಿಗೂ ಮೂರು ಮಾತುಗಳ ಪರಿಚಯವಿದ್ದರೆ ಸಾಕು. "ನಿಲವಿಲಿಲ್ಲ" ಎಂದರೆ ಅಂತಹ ನಂಬರೇ ಇಲ್ಲ. "ಪರಿಧಿಕ್ಕು ಪುರತ್ತಾಣ್" ಎಂದರೆ ಆ ಫೋನು ಸಂಪರ್ಕದ ಹೊರಗಿದೆ. "ತಿರಕ್ಕಿಲಾಣ್" ಎಂದರೆ ಅವರು ಬೇರೆ ಕರೆಯಲ್ಲಿದ್ದಾರೆ. ಮೊದಲನೆಯದು ಕೇಳಿದರೆ ನಂಬರನ್ನು ತಿದ್ದಬೇಕು. ಉಳಿದ ಎರಡಕ್ಕೆ ಕಾಯುವುದೇ ಮದ್ದು. ಹತ್ತು ಸಲ "ನಿಲವಿಲಿಲ್ಲ" ಕೇಳಿಸಿಕೊಂಡ ಮೇಲೆ ಹನ್ನೊಂದನೆಯ ಸಲ ಒತ್ತುವುದರಿಂದ ಆ ನಂಬರ್ ಹುಟ್ಟಿಬರುವುದಿಲ್ಲ.

ಮಾತಿನ ಮೊದಲು ಒಂದರ ಮೇಲೊಂದು ಏರುವ ಮೂರು ಪುಟ್ಟ ಸ್ವರಗಳು ಕೇಳಿದರೆ, ಅದು ಜಗತ್ತಿನ ಹಲವು ಜಾಲಗಳು ಬಳಸುವ ಸೂಚನೆ. ಈ ಕರೆಯನ್ನು ಹೀಗೆ ಮುಗಿಸಲು ಸಾಧ್ಯವಿಲ್ಲ ಎಂಬುದು ಅದರ ಅರ್ಥ. ಎಂಗೇಜ್ ಸ್ವರಕ್ಕೂ ಇದಕ್ಕೂ ವ್ಯತ್ಯಾಸವಿದೆ. ಎಂಗೇಜ್ ಸ್ವರ ಒಂದೇ ಎತ್ತರದಲ್ಲಿ ಬಿಟ್ಟು ಬಿಟ್ಟು ಬರುತ್ತದೆ.

ಕೇರಳ, ಕರ್ನಾಟಕಗಳ ಗಡಿಯ ತಲಪಾಡಿಯ ಆಚೀಚೆ ಇರುವವರು "ನಮ್ಮ ಫೋನು ಕರ್ನಾಟಕದ ಟವರ್ ಹಿಡಿಯುತ್ತದೆ, ಅದಕ್ಕೇ ಗಲ್ಫಿಗೆ ಹೋಗುವುದಿಲ್ಲ" ಎನ್ನುವುದುಂಟು. ಟವರ್ ಯಾವ ರಾಜ್ಯದ್ದಾದರೂ ವಿದೇಶದ ಕರೆಗೆ ಅದರಿಂದ ತಡೆಯಿಲ್ಲ. ಕಾರಣವನ್ನು ಬೇರೆ ಕಡೆ ಹುಡುಕಿ.

## "ನಂಬರ್ ಇಲ್ಲ", "ನಂಬರ್ ಪರಿಶೀಲಿಸಿ" ಎನ್ನುತ್ತದೆ

ಬಹುಪಾಲು ತೊಂದರೆ ಇಲ್ಲಿಯೇ ಇರುವುದರಿಂದ ಇದನ್ನು ನಿಧಾನವಾಗಿ ನೋಡೋಣ.

ಅಲ್ಲಿಯವರು ತಮ್ಮ ನಂಬರನ್ನು ತಾವು ಅಲ್ಲಿ ಒಬ್ಬರಿಗೊಬ್ಬರು ಹೇಳುವ ರೂಪದಲ್ಲೇ ನಮಗೂ ಹೇಳುತ್ತಾರೆ. ದುಬೈ, ಶಾರ್ಜಾ, ಅಬುಧಾಬಿ ಇರುವ ಯುಎಇಯಲ್ಲಿ ಮೊಬೈಲ್ ನಂಬರ್ 050, 052, 054, 055, 056, 058 ಹೀಗೆ ಶುರುವಾಗಿ ಒಟ್ಟು ಹತ್ತು ಅಂಕಿಗಳಿರುತ್ತವೆ. ಆ ಮೊದಲ ಸೊನ್ನೆ ಆ ದೇಶದೊಳಗೆ ಮಾತ್ರ ಕೆಲಸ ಮಾಡುತ್ತದೆ. ಊರಿನ ಒಳದಾರಿಯಂತೆ, ಹೊರಗಿನಿಂದ ಬರುವ ಬಸ್ಸಿಗೆ ಅದರಲ್ಲಿ ಪ್ರವೇಶವಿಲ್ಲ. ಹೊರದೇಶದಿಂದ ಕರೆಯುವಾಗ ಸೊನ್ನೆಯನ್ನು ಬಿಟ್ಟು ಅದರ ಜಾಗದಲ್ಲಿ ದೇಶದ ಸಂಕೇತ ಹಾಕಬೇಕು. ಯುಎಇಗೆ ಅದು 971. ಅಂದರೆ ಒತ್ತಬೇಕಾದ್ದು ಹೀಗೆ:

+971 5_ ___ ____

ಪ್ಲಸ್ ಗುರುತಿನ ನಂತರ ಹನ್ನೆರಡು ಅಂಕಿಗಳು. ಎಣಿಸಿ ನೋಡಿ. ಹದಿಮೂರಿದ್ದರೆ ಸೊನ್ನೆ ಒಳಗೆ ಉಳಿದಿದೆ. ಹನ್ನೊಂದಿದ್ದರೆ ಬರೆದುಕೊಳ್ಳುವಾಗ ಒಂದು ಅಂಕಿ ಬಿಟ್ಟುಹೋಗಿದೆ. ಇದಕ್ಕಿಂತ ಅಗ್ಗದ ಪರೀಕ್ಷೆ ಇನ್ನೊಂದಿಲ್ಲ.

ಪ್ಲಸ್ ಗುರುತು ಎಲ್ಲಿದೆ ಎಂದು ಕೇಳುವವರಿಗೆ: ಡಯಲ್ ಪ್ಯಾಡಿನಲ್ಲಿ ಸೊನ್ನೆಯ ಗುಂಡಿಯನ್ನು ಒತ್ತಿ ಹಿಡಿದರೆ ಅದು ಬರುತ್ತದೆ. ಪ್ಲಸ್ ಬದಲು 00 ಒತ್ತಿದರೂ ಭಾರತದಿಂದ ಕರೆ ಹೋಗುತ್ತದೆ. ಎರಡನ್ನೂ ಕೂಡಿಸಿ +00971 ಎಂದು ಒತ್ತಿದರೆ ಹೋಗುವುದಿಲ್ಲ. 0971 ಎಂದು ಒಂದೇ ಸೊನ್ನೆ ಹಾಕಿದರೂ ಹೋಗುವುದಿಲ್ಲ. +91971 ಎಂದು ಭಾರತದ ಸಂಕೇತವನ್ನೂ ಸೇರಿಸುವವರಿದ್ದಾರೆ; 91 ಇರುವುದು ಬೇರೆ ದೇಶದಿಂದ ನಮ್ಮನ್ನು ಕರೆಯುವವರಿಗೆ, ಇಲ್ಲಿಂದ ಹೊರಡುವ ಕರೆಗೆ ಅದರ ಕೆಲಸವಿಲ್ಲ. ನಂಬರಿನ ನಡುವೆ ಜಾಗ ಬಿಟ್ಟರೂ ಬಿಡದಿದ್ದರೂ ವ್ಯತ್ಯಾಸವಾಗದು.

ಸೌದಿ ಅರೇಬಿಯದ ಮೊಬೈಲ್ ನಂಬರೂ 05ರಿಂದಲೇ ಶುರುವಾಗುತ್ತದೆ, ಅದಕ್ಕೂ ಹತ್ತೇ ಅಂಕಿಗಳು. ಚೀಟಿಯಲ್ಲಿ ಬರಿಯ 05... ಎಂದು ಬರೆದಿದ್ದರೆ ಅದು ಶಾರ್ಜಾದ್ದೋ ಜಿದ್ದಾದ್ದೋ ಎಂದು ನೋಡಿ ಹೇಳಲಾಗದು. ಕೆಲಸ ಬದಲಾಯಿಸಿ ದುಬೈಯಿಂದ ದಮ್ಮಾಮಿಗೆ ಹೋದ ಭಾವನ ಹೊಸ ನಂಬರಿಗೆ ಹಳೆಯ 971 ಹಚ್ಚಿ "ನಂಬರ್ ಇಲ್ಲವಂತೆ" ಎಂದು ಗಾಬರಿಪಡುವ ಮನೆಗಳು ಇವೆ. ಸೌದಿಗೆ 966 ಹಾಕಬೇಕು. ಸೊನ್ನೆ ಬಿಟ್ಟು ಉಳಿದ ಒಂಬತ್ತು ಅಂಕಿಗಳು.

ಉಳಿದ ನಾಲ್ಕು ದೇಶಗಳಲ್ಲಿ ಈ ಸೊನ್ನೆಯ ತಕರಾರೇ ಇಲ್ಲ. ಕತಾರಿಗೆ 974, ಕುವೈತಿಗೆ 965, ಬಹರೈನಿಗೆ 973, ಒಮಾನಿಗೆ 968. ನಾಲ್ಕರಲ್ಲೂ ಮೊಬೈಲ್ ನಂಬರ್ ಎಂಟೇ ಅಂಕಿ. ಪ್ಲಸ್ ನಂತರ ಹನ್ನೊಂದು ಅಂಕಿ ಇದ್ದರೆ ಲೆಕ್ಕ ಸರಿ. ಎಂಟೇ ಅಂಕಿ ಕಂಡು "ಎರಡು ಅಂಕಿ ಕಡಿಮೆಯಾಗಿದೆ" ಎಂದುಕೊಂಡು ಮುಂದೆ ಏನಾದರೂ ಸೇರಿಸಬೇಡಿ.

ಈ ಸಂಕೇತಗಳು ಅಕ್ಕಪಕ್ಕದವು ಎನ್ನುವುದೇ ದೊಡ್ಡ ಅಪಾಯ. 971ರ ಬದಲು 970 ಒತ್ತಿದರೆ ಪ್ಯಾಲೆಸ್ತೀನ್, 972 ಒತ್ತಿದರೆ ಇಸ್ರೇಲ್. 966ರ ಬದಲು 967 ಎಂದರೆ ಯೆಮೆನ್. 974ರ ಬದಲು 975 ಎಂದರೆ ಭೂತಾನ್. ಕರೆ ಹೋಗುತ್ತದೆ, ಯಾರಾದರೂ ಎತ್ತಿದರೆ ದುಡ್ಡೂ ಹೋಗುತ್ತದೆ.

ಈಗ ಓದಲು ಹೋದ ಮಕ್ಕಳಿಂದಾಗಿ ಯುರೋಪ್, ಆಸ್ಟ್ರೇಲಿಯ, ಅಮೆರಿಕಗಳ ನಂಬರುಗಳೂ ನಮ್ಮ ಮನೆಗಳಿಗೆ ಬಂದಿವೆ. ಬ್ರಿಟನ್ನಿನ 07, ಆಸ್ಟ್ರೇಲಿಯದ 04, ಐರ್ಲೆಂಡಿನ 08, ಜರ್ಮನಿಯ 015, 016, 017 ಎಲ್ಲದರಲ್ಲೂ ಮೊದಲ ಸೊನ್ನೆ ತೆಗೆದು ಕ್ರಮವಾಗಿ 44, 61, 353, 49 ಹಾಕುವುದು. ಅಮೆರಿಕ ಮತ್ತು ಕೆನಡಕ್ಕೆ 1, ಮುಂದೆ ಹತ್ತು ಅಂಕಿ. ಇಟಲಿ ಮಾತ್ರ ವಕ್ರ: ಅಲ್ಲಿಯ ಸ್ಥಿರ ದೂರವಾಣಿಯ ಸೊನ್ನೆಯನ್ನು ತೆಗೆಯಬಾರದು. ಅಲ್ಲಿಯ ಮೊಬೈಲ್ 3ರಿಂದ ಶುರುವಾಗುತ್ತದೆ, ಆದ್ದರಿಂದ ಅದಕ್ಕೆ ಈ ಚಿಂತೆಯಿಲ್ಲ.

## ಹಿಂದಿಯಲ್ಲಿ ಮಾತು ಬರುತ್ತದೆ, ಇಲ್ಲವೇ ಗುರುತಿಲ್ಲದ ಯಾರೋ ಎತ್ತುತ್ತಾರೆ

ಮಗ ಕೊಟ್ಟ 052... ನಂಬರನ್ನು ಹಾಗೆಯೇ ಒತ್ತಿದರೆ ಭಾರತದ ಜಾಲಕ್ಕೆ ಅದು ದುಬೈ ಎಂದು ಗೊತ್ತಾಗುವ ದಾರಿಯೇ ಇಲ್ಲ. ನಮ್ಮ ದೇಶದಲ್ಲಿ 05ರಿಂದ ಶುರುವಾಗುವ ಎಸ್‌ಟಿಡಿ ಸಂಕೇತಗಳು ಉತ್ತರ ಪ್ರದೇಶದ ಕಡೆಯವು: 0522 ಲಕ್ನೋ, 0542 ವಾರಾಣಸಿ. ಬದಿಯಡ್ಕದಲ್ಲಿ ಕುಳಿತು ಶಾರ್ಜಾಕ್ಕೆಂದು ಒತ್ತಿದ ಕರೆ ಲಕ್ನೋ ಕಡೆ ಮುಖ ಮಾಡಿ, ಅಂಕಿ ಸಾಲದೆ ಬಿದ್ದುಹೋಗುತ್ತದೆ.

ಇದರ ತದ್ವಿರುದ್ಧ ತಪ್ಪೂ ಇದೆ. ದೇಶದ ಸಂಕೇತವನ್ನು ಸರಿಯಾಗಿ ಹಾಕಿ, ಮುಂದಿನ ಪ್ಲಸ್ ಅಥವಾ 00 ಬಿಟ್ಟರೆ ನಂಬರ್ 9715... ಎಂದು ಶುರುವಾಗುತ್ತದೆ. ನಮ್ಮ ಮೊಬೈಲ್ ನಂಬರುಗಳೂ 9ರಿಂದ ಶುರುವಾಗುತ್ತವಲ್ಲ? ಜಾಲ ಮೊದಲ ಹತ್ತು ಅಂಕಿಗಳನ್ನು ಭಾರತದ ನಂಬರೆಂದು ತಿಳಿದು ದೇಶದ ಯಾವುದೋ ಮೂಲೆಯ ಮನುಷ್ಯನನ್ನು ನಿದ್ದೆಯಿಂದ ಎಬ್ಬಿಸುವುದು ಸಾಧ್ಯ. 966, 968, 974 ಎಲ್ಲಕ್ಕೂ ಇದೇ ಗತಿ. ಅಪರಿಚಿತರು ಎತ್ತಿ ತಮಿಳಿನಲ್ಲೋ ಹಿಂದಿಯಲ್ಲೋ ಮಾತನಾಡಿದರೆ "ನನ್ನ ಮಗನ ಫೋನನ್ನು ಯಾರೋ ಕದ್ದಿದ್ದಾರೆ" ಎಂದು ತೀರ್ಮಾನಿಸುವ ಮೊದಲು ಪ್ಲಸ್ ಇದೆಯೇ ನೋಡಿ.

ಪ್ಲಸ್, ಸಂಕೇತ, ಅಂಕಿಗಳ ಲೆಕ್ಕ ಎಲ್ಲ ಸರಿಯಿದ್ದೂ ಬೇರೆಯವರೇ ಎತ್ತುತ್ತಿದ್ದರೆ, ಬಳಕೆ ನಿಂತ ಆ ನಂಬರನ್ನು ಕಂಪನಿ ಬೇರೆಯವರಿಗೆ ಕೊಟ್ಟಿರಬಹುದು. ಆಗ ನಿಮ್ಮವರ ಹೊಸ ನಂಬರನ್ನು ಅವರ ಕೋಣೆಯಲ್ಲಿರುವವರಿಂದಲೋ ಊರಿನ ಬೇರೆ ಗಲ್ಫಿನವರಿಂದಲೋ ಪಡೆಯಿರಿ. ಎತ್ತಿದ ಅಪರಿಚಿತರಿಗೆ ಮಗನ ಹೆಸರು, ಕಂಪನಿ, ಪಾಸ್‌ಪೋರ್ಟ್ ವಿವರ ಹೇಳಲು ಹೋಗಬೇಡಿ.

## ರಜೆಯಲ್ಲಿ ಬಂದವರ ಫೋನಿನಿಂದ ಯಾವ ಹಳೆಯ ನಂಬರೂ ಹೋಗುವುದಿಲ್ಲ

ಅಲ್ಲಿ ಇರುವಾಗ ಗೆಳೆಯರ ನಂಬರನ್ನು 05... ಎಂದು ಸೇವ್ ಮಾಡಿಕೊಂಡವರು ಊರಿಗೆ ಬಂದು ಇಲ್ಲಿಯ ಸಿಮ್ ಹಾಕಿದ ಕೂಡಲೇ ಅವೆಲ್ಲ ಸತ್ತ ನಂಬರುಗಳು. ಹೊಸದಾಗಿ ಗಲ್ಫಿಗೆ ಹೋದವರಿಗೆ ಇದೇ ಕಷ್ಟ ಇನ್ನೊಂದು ದಿಕ್ಕಿನಲ್ಲಿ: ಮನೆಯ ಹತ್ತಂಕಿಯ ನಂಬರ್ ಅಲ್ಲಿಂದ ಹೋಗುವುದಿಲ್ಲ. ಇದಕ್ಕೆ ಒಂದೇ ಪರಿಹಾರ, ಎಲ್ಲರ ನಂಬರನ್ನೂ, ಪಕ್ಕದ ಮನೆಯ ಅಕ್ಕನದ್ದನ್ನೂ ಸೇರಿಸಿ, ಪ್ಲಸ್ ಮತ್ತು ದೇಶದ ಸಂಕೇತದೊಂದಿಗೆ ಸೇವ್ ಮಾಡುವುದು. +91 ಇದ್ದ ನಂಬರ್ ಊರಿನಲ್ಲೂ ಕೆಲಸ ಮಾಡುತ್ತದೆ, ಗಲ್ಫಿನಲ್ಲೂ ಮಾಡುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಸೇವ್ ಮಾಡಿದ ವಿದೇಶದ ಹೆಸರು ಕಾಣಿಸುವುದಿಲ್ಲ ಎನ್ನುವ ದೂರಿನ ಹಿಂದೆಯೂ ಹೆಚ್ಚಾಗಿ ಇದೇ ಕೊರತೆ.

ಮನೆಯ ಸ್ಥಿರ ದೂರವಾಣಿಗೆ ಅಲ್ಲಿಂದ ಕರೆಯುವವರೂ ಇದೇ ಸೊನ್ನೆಯ ನಿಯಮ ಪಾಲಿಸಬೇಕು. ಕಾಸರಗೋಡಿನ ಸಂಕೇತ 04994, ಆದರೆ ದುಬೈಯಿಂದ ಅದು +91 4994. ಮಂಗಳೂರಿನ ಆಸ್ಪತ್ರೆಗೋ ಕಾಲೇಜಿಗೋ ಆದರೆ 0824 ಅಲ್ಲ, +91 824.

ದುಬೈಯ ಸಿಮ್ಮನ್ನು ತೆಗೆಯದೆ ಉಪ್ಪಳದಲ್ಲಿ ತಿರುಗಾಡುವವರನ್ನು ಆ ನಂಬರಿಗೆ ಕರೆದರೆ, ಅವರು ನಿಮ್ಮ ಎದುರಿನ ಅಂಗಡಿಯಲ್ಲೇ ಇದ್ದರೂ ನಿಮಗೆ ವಿದೇಶದ ಕರೆಯ ದರ ಬೀಳುತ್ತದೆ. ಅವರಿಗೂ ರೋಮಿಂಗಿನ ಹಣ ಬೀಳಬಹುದು. ಇಲ್ಲಿಯ ನಂಬರ್ ಕೇಳಿಕೊಳ್ಳಿ.

## ಒತ್ತಿದ ಕೂಡಲೇ ಕಡಿದುಹೋಗುತ್ತದೆ, ಇಲ್ಲವೇ "ಈ ಸೌಲಭ್ಯ ಇಲ್ಲ" ಎನ್ನುತ್ತದೆ

ನಂಬರಿನ ರೂಪ ಸರಿಯಿದೆ ಎಂದು ಖಾತ್ರಿಯಾದ ಮೇಲೆಯೇ ಇಲ್ಲಿಗೆ ಬನ್ನಿ.

ಮೊದಲು ನೋಡಬೇಕಾದ್ದು ಯಾವ ಸಿಮ್ಮಿನಿಂದ ಕರೆ ಹೊರಟಿತು ಎಂಬುದು. ಎರಡು ಸಿಮ್ ಇರುವ ಫೋನಿನಲ್ಲಿ ಒಂದಕ್ಕೆ ವಿದೇಶದ ಪ್ಯಾಕ್ ಹಾಕಿಸಿ ಇನ್ನೊಂದರಿಂದ ಕರೆ ಮಾಡುವುದು ದಿನನಿತ್ಯದ ಸಂಗತಿ. ಕರೆ ಒತ್ತುವಾಗ ಪರದೆಯ ಮೇಲೆ ಸಿಮ್ 1 ಅಥವಾ ಸಿಮ್ 2 ಎಂದು ಬರುವುದನ್ನು ಗಮನಿಸಿ.

ಆಮೇಲೆ ಹಣ. "ಅನ್‌ಲಿಮಿಟೆಡ್ ಹಾಕಿಸಿದ್ದೇನಲ್ಲ" ಎಂಬ ಮಾತಿಗೆ ಉತ್ತರ: ಆ ಅನ್‌ಲಿಮಿಟೆಡ್ ಭಾರತದೊಳಗಿನ ಕರೆಗಳಿಗೆ. ವಿದೇಶದ ಕರೆಗೆ ಮುಖ್ಯ ಬ್ಯಾಲೆನ್ಸಿನಲ್ಲಿ ಹಣವಿರಬೇಕು, ಇಲ್ಲವೇ ಆ ದೇಶಕ್ಕೆ ಅನ್ವಯಿಸುವ, ವಿದೇಶದ ಕರೆಗೆಂದೇ ಇರುವ ಐಎಸ್‌ಡಿ ಪ್ಯಾಕ್ ಬೇಕು. ಪ್ಯಾಕ್ ತೆಗೆಯುವಾಗ ಅಂಗಡಿಯವರಿಗೆ "ಗಲ್ಫ್" ಎಂದು ಹೇಳಬೇಡಿ, ದೇಶದ ಹೆಸರು ಹೇಳಿ. ಯುಎಇಗೆ ಹಾಕಿದ್ದು ಒಮಾನಿಗೆ ಆಗಬೇಕೆಂದಿಲ್ಲ. ಮಾತು ಸರಿಯಾಗಿ ನಡೆಯುತ್ತಿದ್ದು ಎರಡೋ ಮೂರೋ ನಿಮಿಷಕ್ಕೆ ತಾನಾಗಿ ಕಡಿದರೆ ಅದೂ ಹೆಚ್ಚಾಗಿ ಹಣ ಮುಗಿದ ಲಕ್ಷಣವೇ.

ಹಣವಿದ್ದೂ ಹೋಗದಿದ್ದರೆ ಆ ಸಿಮ್ಮಿನಲ್ಲಿ ಐಎಸ್‌ಡಿ ಸೌಲಭ್ಯ ತೆರೆದಿಲ್ಲದಿರಬಹುದು. ಅನೇಕ ಸಂಪರ್ಕಗಳಲ್ಲಿ ಅದನ್ನು ಗ್ರಾಹಕರು ಕೇಳಿ ತೆರೆಸಿಕೊಳ್ಳಬೇಕಾಗುತ್ತದೆ. ಕಂಪನಿಯ ಆ್ಯಪ್‌ನಲ್ಲಿ ಅಥವಾ ಗ್ರಾಹಕ ಸೇವೆಗೆ ಕರೆ ಮಾಡಿ ತೆರೆಸಬಹುದು. ಮುಚ್ಚಿಟ್ಟಿರುವುದಕ್ಕೆ ಕಂಪನಿಯನ್ನು ಬಯ್ಯುವವರಿದ್ದಾರೆ, ನಾನು ಬಯ್ಯುವುದಿಲ್ಲ. ಫೋನು ಮಕ್ಕಳ ಕೈಯಲ್ಲಿರುವ ಮನೆಯಲ್ಲಿ ಅದು ಮುಚ್ಚಿರುವುದೇ ಕ್ಷೇಮ.

ಸೌಲಭ್ಯ ತೆರೆದಿದೆ ಎಂದು ಕಂಪನಿ ಹೇಳಿದರೆ ಫೋನಿನ ಕಾಲ್ ಬ್ಯಾರಿಂಗ್ ನೋಡಿ. ಡಯಲ್ ಪ್ಯಾಡಿನಲ್ಲಿ *#331# ಒತ್ತಿ ಕರೆಯ ಗುಂಡಿ ಒತ್ತಿದರೆ ಹೊರದೇಶದ ಕರೆಗಳಿಗೆ ತಡೆ ಹಾಕಿದೆಯೇ ಎಂದು ಪರದೆಯ ಮೇಲೆ ಬರುತ್ತದೆ. ಇದು ನೋಡಲು ಮಾತ್ರ, ಏನನ್ನೂ ಬದಲಾಯಿಸುವುದಿಲ್ಲ. ತಡೆ ಇದ್ದರೆ ತೆಗೆಯಲು ಗುಪ್ತಸಂಖ್ಯೆ ಬೇಕು. ಊಹಿಸಿ ಹಾಕುತ್ತಾ ಹೋಗಬೇಡಿ, ತಪ್ಪು ಸಂಖ್ಯೆ ಪದೇ ಪದೇ ಹಾಕಿದರೆ ಆ ಸೌಲಭ್ಯವೇ ಬೀಗ ಬೀಳುತ್ತದೆ. ಇಲ್ಲಿ ನಿಲ್ಲಿಸಿ, ಆಧಾರ್ ಹಿಡಿದುಕೊಂಡು ಕಂಪನಿಯ ಮಳಿಗೆಗೆ ಹೋಗಿ.

ಗುಂಡಿ ಒತ್ತುವ ಮಾತು ಬಂದದ್ದರಿಂದ ಒಂದು ಎಚ್ಚರಿಕೆ. ಅಪರಿಚಿತರು ಕರೆ ಮಾಡಿ "ನಿಮ್ಮ ಐಎಸ್‌ಡಿ ತೆರೆಯಲು *401* ಒತ್ತಿ ಈ ನಂಬರ್ ಹಾಕಿ" ಎಂದರೆ ಫೋನ್ ಇಡಿ. ಅದು ನಿಮಗೆ ಬರುವ ಕರೆಗಳನ್ನು ಅವರ ಕಡೆ ತಿರುಗಿಸುವ ಸಂಕೇತ. ಬ್ಯಾಂಕಿನ ಒಟಿಪಿ ಕರೆಯೂ ಅವರಿಗೇ ಹೋಗುತ್ತದೆ. ಈಗಾಗಲೇ ಒತ್ತಿದ್ದರೆ ##002# ಒತ್ತಿ ಕರೆ ಮಾಡಿ, ಎಲ್ಲ ತಿರುವುಗಳನ್ನೂ ರದ್ದು ಮಾಡಿ. ಪರದೆ ಹಂಚಿಕೊಳ್ಳುವ ಆ್ಯಪ್ ಹಾಕಿಕೊಳ್ಳಲು ಹೇಳುವವರೂ ಅದೇ ಗುಂಪು.

ಸ್ಥಿರ ದೂರವಾಣಿಯಿಂದ ಹೋಗದಿದ್ದರೆ: ಅದರಲ್ಲಿ ಪ್ಲಸ್ ಇಲ್ಲ, 00 ಒತ್ತಬೇಕು, ಐಎಸ್‌ಡಿ ತೆರೆದಿರಬೇಕು. ಅಷ್ಟೇ.

## ಅರಬ್ಬಿಯಲ್ಲಿ ಏನೋ ಹೇಳಿ ನಿಲ್ಲುತ್ತದೆ

ಗಾಬರಿ ಬೇಡ, ಅರ್ಧ ದಾರಿ ಗೆದ್ದಿದ್ದೀರಿ. ಅರಬ್ಬಿಯ ನಂತರ ಸಾಮಾನ್ಯವಾಗಿ ಇಂಗ್ಲಿಷಿನಲ್ಲೂ ಅದನ್ನೇ ಹೇಳುತ್ತದೆ, ಅಲ್ಲಿಯವರೆಗೆ ಫೋನ್ ಇಡಬೇಡಿ. ಸ್ವಿಚ್ ಆಫ್ ಅಥವಾ ಸಂಪರ್ಕಕ್ಕೆ ಸಿಗುತ್ತಿಲ್ಲ ಎಂದರೆ ಸಂಜೆ ಮತ್ತೆ ಪ್ರಯತ್ನಿಸಿ. ಸೇವೆ ನಿಲ್ಲಿಸಲಾಗಿದೆ ಎಂಬ ಅರ್ಥದ ಮಾತು ಬಂದರೆ ಅದು ಅವರ ಕಡೆಯ ವಿಷಯ. ಆ ದೇಶಗಳಲ್ಲಿ ಸಿಮ್ ಅಲ್ಲಿಯ ಗುರುತುಚೀಟಿಗೆ ಕಟ್ಟಿಕೊಂಡಿರುತ್ತದೆ: ಯುಎಇಯಲ್ಲಿ ಎಮಿರೇಟ್ಸ್ ಐಡಿ, ಸೌದಿಯಲ್ಲಿ ಇಖಾಮಾ. ಚೀಟಿಯ ಅವಧಿ ಮುಗಿದು ನವೀಕರಣ ತಡವಾದರೆ ನಂಬರೂ ನಿಲ್ಲುತ್ತದೆ. ವೀಸಾ ಬದಲಾವಣೆಯ ಹೊತ್ತಿನಲ್ಲಿ ಹೀಗಾಗುವುದು ಅಪರೂಪವಲ್ಲ. ನೀವು ಇಲ್ಲಿ ಎಷ್ಟು ರೀಚಾರ್ಜ್ ಮಾಡಿಸಿದರೂ ಪ್ರಯೋಜನವಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಒಂದು ಸಂದೇಶ ಬಿಟ್ಟು ಕಾಯಿರಿ.

## ರಿಂಗ್ ಆಗುತ್ತದೆ, ಎತ್ತುವುದಿಲ್ಲ

ಇದು ಯಂತ್ರದ ದೋಷವಲ್ಲ, ಗಡಿಯಾರದ್ದು. ಯುಎಇ ಮತ್ತು ಒಮಾನ್ ನಮಗಿಂತ ಒಂದೂವರೆ ಗಂಟೆ ಹಿಂದೆ. ಸೌದಿ, ಕತಾರ್, ಕುವೈತ್, ಬಹರೈನ್ ಎರಡೂವರೆ ಗಂಟೆ ಹಿಂದೆ. ನೀವು ಬೆಳಗ್ಗೆ ಆರೂವರೆಗೆ ಚಹಾ ಕುಡಿದು ಫೋನ್ ಹಿಡಿದರೆ ರಿಯಾದಿನಲ್ಲಿ ನಾಲ್ಕು ಗಂಟೆ. ಹೊರಾಂಗಣದಲ್ಲಿ ದುಡಿಯುವವರಿಗೆ ಯುಎಇಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರ ತನಕ ಬಿಸಿಲಿನ ಕಾರಣದಿಂದ ಕಡ್ಡಾಯ ಬಿಡುವಿದೆ. ನಮ್ಮ ಗಡಿಯಾರದಲ್ಲಿ ಅದು ಎರಡರಿಂದ ನಾಲ್ಕೂವರೆ. ಕಟ್ಟಡದ ಕೆಲಸದಲ್ಲಿರುವ ಅಣ್ಣನನ್ನು ಆ ತಿಂಗಳುಗಳಲ್ಲಿ ಹಿಡಿಯಲು ಅದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಯುಎಇಯಲ್ಲಿ 2022ರಿಂದ ಸರಕಾರಿ ಕಚೇರಿಗಳ ವಾರದ ರಜೆ ಶನಿವಾರ, ಭಾನುವಾರಕ್ಕೆ ಸರಿದು ಶುಕ್ರವಾರ ಅರ್ಧ ದಿನವಾಗಿದೆ. ಸೌದಿಯಲ್ಲಿ ರಜೆ ಶುಕ್ರವಾರ, ಶನಿವಾರವೇ.

ಎತ್ತಿದ ಮೇಲೆ ಒಂದು ಕಡೆಯ ಧ್ವನಿ ಮಾತ್ರ ಕೇಳಿದರೆ ಕೂಡಲೇ ಇಟ್ಟು ಮತ್ತೊಮ್ಮೆ ಮಾಡಿ, ಹೊಸ ಕರೆ ಬೇರೆ ದಾರಿಯಲ್ಲಿ ಹೋಗಿ ಸರಿಯಾಗುವುದುಂಟು. "ಕೇಳುತ್ತಾ, ಕೇಳುತ್ತಾ" ಎಂದು ಕೂಗುವ ಪ್ರತಿ ನಿಮಿಷಕ್ಕೂ ದುಡ್ಡಿದೆ.

## ವಾಟ್ಸ್‌ಆ್ಯಪ್ ಸಂದೇಶ ಹೋಗುತ್ತದೆ, ಕರೆ ಮಾತ್ರ ಹೋಗುವುದಿಲ್ಲ

ಅವರು ಯುಎಇಯಲ್ಲಿದ್ದರೆ ನಿಮ್ಮ ಫೋನನ್ನು ಶಂಕಿಸಬೇಡಿ. ಅಂತರ್ಜಾಲದ ಮೂಲಕ ಮಾತನಾಡುವ ಸೇವೆಗೆ ಅಲ್ಲಿ ಪರವಾನಗಿ ಬೇಕು, ವಾಟ್ಸ್‌ಆ್ಯಪ್ ಕರೆಗಳನ್ನು ಅಲ್ಲಿಯ ಜಾಲಗಳು ತಡೆಯುತ್ತವೆ. ಫೋಟೊ, ಸಂದೇಶ, ಧ್ವನಿಮುದ್ರಿಸಿದ ಮಾತು ಸರಾಗವಾಗಿ ಹೋಗುತ್ತವೆ. ಕರೆ ಹೋಗುವುದಿಲ್ಲ, ಹೋದರೂ "ಕನೆಕ್ಟಿಂಗ್" ಎಂದು ತೋರಿಸುತ್ತಲೇ ಇರುತ್ತದೆ. ಬೋಟಿಮ್‌ನಂತಹ ಪರವಾನಗಿ ಪಡೆದ ಆ್ಯಪ್ ಎರಡೂ ಕಡೆ ಹಾಕಿಕೊಂಡರೆ ಮಾತನಾಡಬಹುದು. ಅದಕ್ಕೆ ಅಲ್ಲಿ ಬೇರೆ ಪ್ಯಾಕ್ ಬೇಕೇ ಎಂದು ಅವರೇ ತಮ್ಮ ಕಂಪನಿಯನ್ನು ಕೇಳಲಿ.

"ವಿಪಿಎನ್ ಹಾಕಿಕೊಳ್ಳಲು ಹೇಳಿ" ಎಂದು ಇಲ್ಲಿಂದ ಸಲಹೆ ಕೊಡುವವರು ಬಹಳ; ವಿಪಿಎನ್ ಎಂದರೆ ಜಾಲದ ತಡೆಯನ್ನು ತಪ್ಪಿಸಿ ಹೋಗುವ ಉಪಾಯ. ಅಪರಾಧ ಎಸಗಲು ಅಥವಾ ಅದನ್ನು ಮುಚ್ಚಿಡಲು ವಿಪಿಎನ್ ಬಳಸಿದರೆ ಯುಎಇಯ 2021ರ ಸೈಬರ್ ಅಪರಾಧ ಕಾನೂನಿನಲ್ಲಿ ದಂಡ 5 ಲಕ್ಷ ದಿರ್ಹಮಿನಿಂದ 20 ಲಕ್ಷ ದಿರ್ಹಮಿನವರೆಗೆ ಇದೆ. ಇಲ್ಲಿ ಚಾವಡಿಯಲ್ಲಿ ಕುಳಿತು ಹೇಳುವುದು ಸುಲಭ, ಅಲ್ಲಿ ತಲೆಗೆ ಬರುವುದು ಅವರಿಗೆ.

## ಅವರೇ ಕರೆ ಮಾಡಿದರೂ ಪರದೆಯಲ್ಲಿ ಭಾರತದ ನಂಬರ್ ಕಾಣುತ್ತದೆ

ಧ್ವನಿ ಭಾವನದ್ದೇ, ಮಾತನಾಡುತ್ತಿರುವುದು ಅಬುಧಾಬಿಯಿಂದ, ಆದರೆ ನಂಬರ್ +91. ತಿರುಗಿ ಆ ನಂಬರಿಗೆ ಮಾಡಿದರೆ ಹೋಗುವುದಿಲ್ಲ, ಇಲ್ಲವೇ ಯಾರೂ ಎತ್ತುವುದಿಲ್ಲ. ಆ ಕರೆ ಅಗ್ಗದ ಕಾರ್ಡ್ ಅಥವಾ ಆ್ಯಪ್ ಮೂಲಕ ಬಂದು, ಇಲ್ಲಿ ಯಾರೋ ಕಾನೂನುಬಾಹಿರವಾಗಿ ನಡೆಸುವ, ವಿದೇಶದ ಕರೆಯನ್ನು ಪೆಟ್ಟಿಗೆಯೊಂದರ ಮೂಲಕ ಸ್ಥಳೀಯ ಕರೆಯಾಗಿ ತಿರುಗಿಸುವ ಸಮಾನಾಂತರ ಎಕ್ಸ್‌ಚೇಂಜಿನ ಸಿಮ್ಮಿನಿಂದ ನಿಮ್ಮ ಫೋನಿಗೆ ಹಾದಿರುವ ಸಾಧ್ಯತೆ ಹೆಚ್ಚು. ಕೇರಳದಲ್ಲಿ ಇಂಥವನ್ನು ಪೊಲೀಸರು ಹಿಡಿದದ್ದಿದೆ. ಆ ನಂಬರನ್ನು ಭಾವನ ಹೆಸರಿನಲ್ಲಿ ಸೇವ್ ಮಾಡಬೇಡಿ. ನಾಳೆ ಅದೇ ನಂಬರಿನಿಂದ ಬೇರೆ ಯಾರ ಕರೆಯಾದರೂ ಬರಬಹುದು. ಅವರ ನಿಜವಾದ 971 ನಂಬರನ್ನು ಕೇಳಿ ಬರೆದುಕೊಳ್ಳಿ. ಹೀಗೆ ಭಾರತದ ನಂಬರಿನ ವೇಷದಲ್ಲಿ ಬರುವ ವಿದೇಶಿ ಕರೆಯನ್ನು ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದಲ್ಲಿ ವರದಿ ಮಾಡಬಹುದು.

ಇದರ ಜೊತೆಗೇ ಹೇಳಬೇಕಾದ್ದು: ತಿಂಗಳಿಗಿಷ್ಟು ಬಾಡಿಗೆ ಕೊಡುತ್ತೇವೆ, ನಿಮ್ಮ ಮನೆಯಲ್ಲಿ ಇಂಟರ್‌ನೆಟ್ ಹಾಕಿಸಿ ಈ ಪೆಟ್ಟಿಗೆ ಇಟ್ಟುಕೊಳ್ಳಿ, ಅಥವಾ ನಿಮ್ಮ ಆಧಾರ್‌ನಲ್ಲಿ ಕೆಲವು ಸಿಮ್ ತೆಗೆದುಕೊಡಿ ಎಂದು ಯಾರಾದರೂ ಬಂದರೆ ಬಾಗಿಲಿನಿಂದಲೇ ಕಳಿಸಿ. ಕೇಸು ಸಿಮ್ ಯಾರ ಹೆಸರಿನಲ್ಲಿದೆಯೋ ಅವರ ಮೇಲೆ.

## ಗುರುತಿಲ್ಲದ ದೇಶದಿಂದ ಒಂದೇ ರಿಂಗ್, ಆಮೇಲೆ ಮೌನ

ಒಂದು ರಿಂಗ್ ಕೊಟ್ಟು ಇಡುವುದೇ ಕೆಲವರ ದಂಧೆ. ನೀವು ತಿರುಗಿ ಕರೆದಾಗ ನಿಮಿಷಕ್ಕೆ ದುಬಾರಿ ದರದ ನಂಬರಿಗೆ ಅದು ತಾಗಿ, ಅದರ ಪಾಲು ಅವರಿಗೆ ಸಿಗುತ್ತದೆ. ಮನೆಯಲ್ಲಿ ಯಾರಾದರೂ ವಿದೇಶದಲ್ಲಿರುವಾಗ "ಅವನೇ ಇರಬಹುದೇನೋ" ಎಂಬ ಆಸೆಯಿಂದ ತಿರುಗಿ ಒತ್ತುವವರು ಹೆಚ್ಚು, ದಂಧೆಯವರಿಗೆ ಅದು ಗೊತ್ತಿದೆ. ಪ್ಲಸ್ ನಂತರದ ಅಂಕಿ ನೋಡಿ. ನಿಮ್ಮವರ ದೇಶದ್ದಲ್ಲದಿದ್ದರೆ ಬಿಡಿ. +1 ಕಂಡ ಮಾತ್ರಕ್ಕೆ ಅಮೆರಿಕ ಎನ್ನಬೇಡಿ: 1ರ ಮುಂದೆ 876 ಇದ್ದರೆ ಜಮೈಕ, 473 ಇದ್ದರೆ ಗ್ರೆನಡ. 881, 882ರಿಂದ ಶುರುವಾಗುವವು ಯಾವ ದೇಶದ್ದೂ ಅಲ್ಲ. ಉಪಗ್ರಹ ಫೋನಿನಂತಹ ಸೇವೆಗಳವು, ದರವೂ ಆಕಾಶದಲ್ಲೇ.

"ನಿಮ್ಮ ಮಗ ದುಬೈ ಪೊಲೀಸರ ವಶದಲ್ಲಿದ್ದಾನೆ, ಈಗಲೇ ಹಣ ಹಾಕಿ" ಎಂಬ ಕರೆ ಬಂದರೆ ಇಟ್ಟುಬಿಟ್ಟು ಮಗನ ಸೇವ್ ಮಾಡಿದ ನಂಬರಿಗೇ ಕರೆ ಮಾಡಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ ದೂರು ಕೊಡಿ. ಬೇಗ ಹೇಳಿದಷ್ಟೂ ಹಣ ತಡೆಹಿಡಿಯುವ ಅವಕಾಶ ಹೆಚ್ಚು.

## ಎಲ್ಲ ಸರಿಯಿದೆ, ಆದರೂ ದಿನಗಟ್ಟಲೆ ಸಂಪರ್ಕವಿಲ್ಲ

ಇಲ್ಲಿಗೆ ಬಂದ ಮೇಲೆ ಅದು ಫೋನಿನ ವಿಷಯವಲ್ಲ. ಕೋಣೆಯವರನ್ನೂ ಕೆಲಸದ ಕಂಪನಿಯನ್ನೂ ಕೇಳಿ ಉತ್ತರ ಸಿಗದಿದ್ದರೆ ಮುಂದಿನ ಬಾಗಿಲು ತಟ್ಟಬೇಕು. ನಾವು ಮಾತನಾಡುವುದು ಕನ್ನಡವಾದರೂ ಕಾಸರಗೋಡಿನವರು ಸರಕಾರದ ಲೆಕ್ಕದಲ್ಲಿ ಕೇರಳದ ಅನಿವಾಸಿಗಳೇ. ಹಾಗಾಗಿ ಮಂಗಳೂರಿನಲ್ಲಿ ಯಾರ ಪರಿಚಯವಿದೆ ಎಂದು ಹುಡುಕುವ ಬದಲು ಅನಿವಾಸಿ ಕೇರಳೀಯರಿಗಾಗಿ ಕೇರಳ ಸರಕಾರ ನಡೆಸುವ ನೋರ್ಕ ರೂಟ್ಸ್ ಸಂಸ್ಥೆಯ ಸಹಾಯವಾಣಿ 1800 425 3939ಕ್ಕೆ ಕರೆ ಮಾಡಿ, ಭಾರತದೊಳಗಿನಿಂದ ಅದು ಉಚಿತ. ವಿದೇಶಾಂಗ ಸಚಿವಾಲಯದ ಮದದ್ ಜಾಲತಾಣದಲ್ಲಿ ದೂರು ದಾಖಲಿಸಿದರೆ ಅದು ಆ ದೇಶದ ರಾಯಭಾರ ಕಚೇರಿಗೆ ಹೋಗುತ್ತದೆ. ಸರಕಾರಿ ಆನ್‌ಲೈನ್ ಸೇವೆಗಳ ಅಕ್ಷಯ ಕೇಂದ್ರದಲ್ಲಿ ಕುಳಿತು ಇದನ್ನು ಮಾಡಿಸಿಕೊಳ್ಳಬಹುದು.

ಅಲ್ಲಿರುವವರ ಬಳಿ ಸಿಗುವ 800ರಿಂದ ಶುರುವಾಗುವ ಉಚಿತ ನಂಬರುಗಳನ್ನು, ಉದಾಹರಣೆಗೆ ಯುಎಇಯಲ್ಲಿ ಭಾರತೀಯರಿಗಾಗಿ ಇರುವ 800 46342ನ್ನು, ಇಲ್ಲಿಂದ ಒತ್ತಿ ನೋಡಿ ಹೊತ್ತು ಕಳೆಯಬೇಡಿ. ಒಂದು ದೇಶದ ಉಚಿತ ನಂಬರ್ ಸಾಮಾನ್ಯವಾಗಿ ಇನ್ನೊಂದು ದೇಶದಿಂದ ಸಿಗುವುದಿಲ್ಲ. ಅಲ್ಲಿರುವ ಊರಿನವರಲ್ಲಿ ಒಬ್ಬರಿಂದ ಅದಕ್ಕೆ ಕರೆ ಮಾಡಿಸಿ.

ದೂರು ಕೊಡುವಾಗ ಪಾಸ್‌ಪೋರ್ಟ್ ಸಂಖ್ಯೆ, ವೀಸಾದ ಪ್ರತಿ, ಕಂಪನಿಯ ಹೆಸರು ಮತ್ತು ಊರು, ಕೊನೆಯ ಸಲ ಮಾತನಾಡಿದ ದಿನ, ಅವರ ಎಲ್ಲ ನಂಬರುಗಳು ಬೇಕಾಗುತ್ತವೆ. ಇವನ್ನು ಮಗ ಮುಂದಿನ ರಜೆಯಲ್ಲಿ ಬಂದಾಗಲೇ ಬರೆಸಿ, ಫೋನಿನಲ್ಲಲ್ಲ, ಕಾಗದದಲ್ಲಿ, ಅಲಮಾರಿನಲ್ಲಿ ಇಡಿ. ನಂಬರುಗಳನ್ನು ಪ್ಲಸ್ ಗುರುತಿನೊಂದಿಗೇ ಬರೆಯಿಸಿ.